ಎದುರಂಗಡಿಯವನ ಗನ್ನು

ಪೇಟೆ ಬೀದಿಯ ತಿರುವಿನಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೇ ಅತ್ತೆಯ ಇಸ್ತ್ರಿ ಅಂಗಡಿ. ಅತ್ತೆ ಅಂದರೆ ಯಾರೋ ಒಬ್ಬರಿಗೆ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ. ಮನೆಯಲ್ಲಿದ್ದ ಸೊಸೆ ಒಬ್ಬಳೇ ಆದರೂ ಹಾಗೆ ಕರೆಯುವ ಬಾಯಿಗಳು ಊರ ತುಂಬ ಇದ್ದವು. ಬೆನ್ನ ಹಿಂದೆ ಮಾತ್ರ ಅವಳಿಗೆ ಇನ್ನೊಂದು ಹೆಸರಿತ್ತು: ಬಾನುಲಿ. ಬೆಳಗ್ಗೆ ಇಸ್ತ್ರಿಪೆಟ್ಟಿಗೆ ಬಿಸಿಯಾಗುವ ಮೊದಲೇ ಶುರುವಾದರೆ, ಕಡೆಯ ಅಂಗಿಯ ಕಾಲರು ಮಡಚುವವರೆಗೂ ಪ್ರಸಾರ ನಿಲ್ಲುತ್ತಿರಲಿಲ್ಲ.

ಸುದ್ದಿಯನ್ನು ಅವಳು ಹುಡುಕಿಕೊಂಡು ಹೋದವಳಲ್ಲ. ಸುದ್ದಿಯೇ ಬಟ್ಟೆಯ ಗಂಟು ಹೊತ್ತುಕೊಂಡು ಬರುತ್ತಿತ್ತು. ಯಾರ ಅಂಗಿಯ ಗುಂಡಿ ಕಿತ್ತುಬಂದಿದೆ, ಯಾವ ಮನೆಯ ಗಂಡ ಹೆಂಡಿರ ಬಟ್ಟೆ ಇದ್ದಕ್ಕಿದ್ದ ಹಾಗೆ ಬೇರೆ ಬೇರೆ ಗಂಟಿನಲ್ಲಿ ಬರತೊಡಗಿದೆ, ಸಂದರ್ಶನಕ್ಕೆಂದು ಒತ್ತಿಸಿಕೊಂಡು ಹೋದ ಪ್ಯಾಂಟು ಮತ್ತೆ ಸಂದರ್ಶನಕ್ಕೆಂದೇ ವಾಪಸು ಬಂದಿದೆ, ಇಷ್ಟನ್ನು ಬಟ್ಟೆಯೇ ಹೇಳಿಬಿಡುತ್ತಿತ್ತು. ಉಳಿದದ್ದನ್ನು ಬಟ್ಟೆ ತಂದವರು ಹೇಳುತ್ತಿದ್ದರು.

ಸೊಸೆಗೆ ಇದೊಂದು ದೊಡ್ಡ ತಲೆನೋವು. ಅವಳು ಪುರಸಭೆಯ ಶಿಶುವಿಹಾರದಲ್ಲಿ ಟೀಚರು.

"ಅತ್ತೆ, ಊರವರ ವಿಷಯಕ್ಕೆ ಮೂಗು ತೂರಿಸೋದು ಬಿಡ್ತೀರೋ ಇಲ್ವೋ? ಮಕ್ಕಳನ್ನ ಬಿಡೋಕೆ ಬರೋ ತಾಯಂದ್ರು ನನ್ನ ಮುಖ ನೋಡಿದ ತಕ್ಷಣ ಮಾತು ನಿಲ್ಲಿಸ್ತಾರೆ."

"ನಾನೆಲ್ಲಮ್ಮ ತೂರಿಸ್ತೀನಿ? ನನ್ನ ಮೂಗು ಇದ್ದಲ್ಲೇ ಇರುತ್ತೆ. ಅವರೇ ಬಂದು ಅದರ ಮುಂದೆ ನಿಂತ್ಕೋತಾರೆ."

ಆ ಮೂಗಿಗೆ ಒಂದು ದಿನ ಸರ್ಕಾರಿ ಬೆಲೆ ಬರುತ್ತದೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ.

ಹಿಂದಿನ ವರ್ಷ ಆ ಬೀದಿಯಲ್ಲಿ ಒಂದು ಕೊಲೆಯಾಗಿತ್ತು. ಸೈಕಲ್ ಅಂಗಡಿಯವನ ತಮ್ಮ. ಗಾಡಿ ನಿಲ್ಲಿಸುವ ಜಾಗಕ್ಕೆ ಶುರುವಾದ ಜಗಳ. ಒಬ್ಬನ ಜೇಬಿನಲ್ಲಿ ಪಿಸ್ತೂಲಿತ್ತು, ಅಷ್ಟೇ ವ್ಯತ್ಯಾಸ. ಇಲ್ಲದಿದ್ದರೆ ಇಬ್ಬರೂ ಅಂಗಿ ಹರಿದುಕೊಂಡು ಅತ್ತೆಯ ಅಂಗಡಿಗೇ ಬರಬೇಕಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಅಲ್ಲಿ ಹೋದದ್ದು ಮೂಗಲ್ಲ, ಆಗಷ್ಟೇ ಮೀಸೆ ಚಿಗುರಿದ್ದ ಒಂದು ಮುಖ.

ಪುರಸಭೆಯ ಅಧ್ಯಕ್ಷೆ ಮೊದಲು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವರು. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಆ ಸಾವಿನ ಮಾರನೆಯ ವಾರವೇ ಸಭೆ ಕರೆದರು. ಕತ್ತಲ ಮೂಲೆಗಳಿಗೆ ದೀಪ ಹಾಕಿಸೋಣ ಅಂದಾಗ ಸದಸ್ಯರು ಸರಿ ಅಂದರು. ಕುಡುಕರು ಸೇರುವ ಪಾಳು ನಿವೇಶನ ಸ್ವಚ್ಛ ಮಾಡಿಸಿ ಚೆಂಡಾಟದ ಬಯಲು ಮಾಡೋಣ ಅಂದಾಗಲೂ ತಲೆಯಾಡಿಸಿದರು. ಪುರಸಭೆಯಲ್ಲಿ ಒಂದು ಕೋಣೆ ಮೀಸಲಿಡೋಣ, ಯಾರೇ ಕೋವಿ ತಂದೊಪ್ಪಿಸಿದರೂ ಇಟ್ಟುಕೊಂಡ ತಪ್ಪಿಗೆ ಕೇಸು ಹಾಕುವುದಿಲ್ಲವೆಂದು ಇನ್‌ಸ್ಪೆಕ್ಟರ್ ಒಪ್ಪಿದ್ದಾರೆ ಅಂದಾಗ ಒಂದಷ್ಟು ಗೊಣಗಾಟವಾಯಿತು, ಆದರೂ ಪಾಸಾಯಿತು. ಆಮೇಲೆ ಅಧ್ಯಕ್ಷೆ ಹೇಳಿದ ಮಾತಿಗೆ ಮಾತ್ರ ಸಭೆಯೇ ಗೊಳ್ಳೆಂದು ನಕ್ಕಿತು.

"ನಗಬೇಡಿ. ಆ ಜಗಳ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದು ಪುರಸಭೆಗೊಂದೇ. ಗುಂಡು ಹಾರಿದ ಮೇಲೆ ಪೊಲೀಸ್ರು ಬರ್ತಾರೆ. ಹಾರೋಕೆ ಮುಂಚೆ ಹೋಗೋಕೆ ನಮ್ಮ ಹತ್ರ ಒಬ್ಬರಿರಬೇಕು. ಈ ಊರಲ್ಲಿ ಜಗಳದ ಸುದ್ದಿ ಎಲ್ಲರಿಗಿಂತ ಮೊದಲು ಯಾರಿಗೆ ತಲುಪುತ್ತೆ, ನೀವೇ ಹೇಳಿ."

 ಎಲ್ಲರ ಕಣ್ಣೂ ಅವರವರ ಅಂಗಿಯ ಇಸ್ತ್ರಿಯ ಗೆರೆಯ ಮೇಲೆ ಹೋದವು.

ಹೀಗೆ ಅಧ್ಯಕ್ಷೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಬಟ್ಟೆಯ ಗಂಟೊಂದನ್ನು ಸರಿಸಿ ಬೆಂಚಿನ ಮೇಲೆ ಕೂತರು.

"ಅತ್ತೆ, ಪುರಸಭೆ ನಿಮಗೊಂದು ಕೆಲಸ ಕೊಡಬೇಕು ಅಂತಿದೆ. ಜಗಳ ಬಿಡಿಸೋ ಕೆಲಸ."

"ಅದನ್ನ ಬಿಟ್ಟಿಯಾಗೇ ಮಾಡ್ತಾ ಇದೀನಲ್ಲಮ್ಮ."

"ನೀವು ಬಿಡಿಸ್ತಿಲ್ಲ, ಹಂಚ್ತಿದೀರ. ಇನ್ಮೇಲೆ ಒಂದು ಷರತ್ತು. ಸುದ್ದಿ ಒಳಗೆ ಬರಬಹುದು. ಹೊರಗೆ ಹೋಗೋ ಹಾಗಿಲ್ಲ."

ಅತ್ತೆಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಯಾರದೋ ಅಂಗಿಯ ತೋಳಿನ ಮೇಲೆ ನಿಂತೇಬಿಟ್ಟಿತು. ಹೊಗೆಯ ವಾಸನೆ ಬಂದ ಮೇಲೆ ಗಡಬಡಿಸಿ ಎತ್ತಿದಳು.

"ಏನೂ ಹೇಳೋ ಹಾಗಿಲ್ವಾ? ಸೊಸೆಗೂ?"

"ಸೊಸೆಗೂ."

"ನನಗೆ ನಾನೇ ಹೇಳ್ಕೋಬಹುದಾ?"

"ಮನಸ್ಸಲ್ಲಿ," ಅಂದರು ಅಧ್ಯಕ್ಷೆ.

ಅತ್ತೆ ತಕ್ಷಣ ಒಪ್ಪಲಿಲ್ಲ. ಬೀದಿಯಾಚೆ ಸೈಕಲ್ ಅಂಗಡಿಯವನು ಚಕ್ರವೊಂದನ್ನು ತಿರುಗಿಸಿ ಸುಮ್ಮನೆ ನೋಡುತ್ತ ಕೂತಿದ್ದ. ಅದು ನಿಂತ ಮೇಲೆ ಮತ್ತೆ ತಿರುಗಿಸಿದ. ತಮ್ಮ ಹೋದಮೇಲೆ ಅವನಿಗೆ ಇದೊಂದು ಅಭ್ಯಾಸ. ಆ ಜಗಳದ ಸುದ್ದಿ ಗುಂಡು ಹಾರುವ ಮೊದಲೇ ಅತ್ತೆಗೂ ತಲುಪಿತ್ತು. ಅವಳೂ ಎಲ್ಲರಂತೆ ರುಚಿಕಟ್ಟಾಗಿ ಹೇಳಿಕೊಂಡಿದ್ದಳು, ಎದ್ದು ಹೋಗಿರಲಿಲ್ಲ.

"ಆಯ್ತಮ್ಮ. ಬಾಯಿಗೆ ಬೀಗ ಹಾಕ್ಕೋತೀನಿ," ಅಂದಳು.

ಬೀಗ ಹಾಕುವುದು ಸುಲಭವಾಗಿರಲಿಲ್ಲ. ಮೊದಮೊದಲು ಹೊಟ್ಟೆಯುಬ್ಬರ ಬಂದ ಹಾಗೆ ಆಗುತ್ತಿತ್ತು. ಕೇಳಿದ್ದನ್ನೆಲ್ಲ ಬಟ್ಟೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಊರಿನ ಅಂಗಿಗಳಿಗೆ ಬಿದ್ದ ಇಸ್ತ್ರಿ ಹಿಂದೆಂದೂ ಬಿದ್ದಿರಲಿಲ್ಲ. ಪ್ಯಾಂಟಿನ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು. ಊಟಕ್ಕೆ ಕೂತಾಗ ಸೊಸೆಯೇ ಗಾಬರಿಯಾಗಿ, "ಅತ್ತೆ, ಹುಷಾರಾಗಿದೀರಾ? ಮಾತೇ ಇಲ್ಲ?" ಎಂದು ಹಣೆ ಮುಟ್ಟಿ ನೋಡಿದಳು.

ಆದರೆ ಕೆಲಸ ನಡೆಯತೊಡಗಿತು. ಬೇಕರಿಯವನೂ ಅವನ ಭಾವಮೈದುನನೂ ಕುತ್ತಿಗೆಪಟ್ಟಿ ಹಿಡಿಯುವ ಹೊತ್ತಿಗೆ ಸರಿಯಾಗಿ ಅತ್ತೆ ಒಂದು ರೊಟ್ಟಿ ಕೊಳ್ಳಲು ಹೋಗಿ, ಚಿಲ್ಲರೆ ಎಣಿಸುತ್ತ ಎಣಿಸುತ್ತ ಇಬ್ಬರ ನಡುವೆ ನಿಂತು, ಅವರ ಸಿಟ್ಟಿಗೇ ಬೇಸರ ಬರುವಂತೆ ಮಾಡಿದಳು. ಬಾಡಿಗೆ ಗಾಡಿಯವರ ಜಗಳದಲ್ಲಿ ಒಬ್ಬನನ್ನು, "ನಿನ್ನ ಹೊಸ ಪ್ಯಾಂಟು ಸುಟ್ಟುಬಿಟ್ಟಿದೀನಿ ಬಾರಪ್ಪ," ಎಂದು ಸುಳ್ಳು ಹೇಳಿ ಎಳೆದುಕೊಂಡು ಬಂದಳು. ಪ್ಯಾಂಟು ನೆಟ್ಟಗಿರುವುದನ್ನು ಕಂಡ ಸಂತೋಷದಲ್ಲಿ ಅವನು ಜಗಳವನ್ನೇ ಮರೆತ.

ಇಷ್ಟರಲ್ಲಿ ಗಾಜಿನಂಗಡಿ ಮತ್ತು ಹಾಸಿಗೆ ಅಂಗಡಿಯ ನಡುವೆ ಹೊಗೆಯಾಡತೊಡಗಿತು.

ಎರಡೂ ಎದುರುಬದುರು ಅಂಗಡಿಗಳು. ಗಾಜಿನವನು ತೆಳ್ಳಗೆ, ಉದ್ದಕ್ಕೆ, ನಡೆಯುವಾಗಲೂ ತೋಳ ಸಂದಿಯಲ್ಲಿ ಏನೋ ಒಡೆಯುವ ವಸ್ತು ಇದೆಯೆಂಬಂತೆ ನಿಧಾನ. ಹಾಸಿಗೆಯವನು ದಪ್ಪಗೆ, ಮೆತ್ತಗೆ, ತನ್ನದೇ ಸರಕಿನ ಜಾಹೀರಾತಿನ ಹಾಗೆ. ಒಂದು ಕಾಲಕ್ಕೆ ಇಬ್ಬರೂ ಒಂದೇ ಲೋಟದ ಚಹಾ ಹಂಚಿಕೊಂಡವರು. ಗಾಜಿನವನು ಮಾರಾಟಕ್ಕೆಂದು ಆಳೆತ್ತರದ ಕನ್ನಡಿಯೊಂದನ್ನು ಅಂಗಡಿಯ ಮುಂದೆ ನಿಲ್ಲಿಸಿದ. ಮಧ್ಯಾಹ್ನದ ಬಿಸಿಲು ಅದಕ್ಕೆ ಬಡಿದು ನೇರವಾಗಿ ಹಾಸಿಗೆಯವನ ಕಣ್ಣಿಗೆ ಬೀಳತೊಡಗಿತು. ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿಯೇ ಕಾಣದು. ಹಾಸಿಗೆಯವನು ಹತ್ತಿಯನ್ನು ಬೀದಿಗೆ ತಂದು ಬಡಿಯತೊಡಗಿದ. ಹತ್ತಿಯ ನವಿರು ಹಾರಿ ಗಾಜಿನವನ ಹಸಿ ಅಂಟಿಗೆಲ್ಲ ಮೆತ್ತಿಕೊಂಡು, ಅವನು ಜೋಡಿಸಿದ ಮೀನಿನ ತೊಟ್ಟಿಗಳಿಗೆಲ್ಲ ಮೀಸೆ ಬಂದವು.

"ಕನ್ನಡಿ ಆ ಕಡೆ ತಿರುಗಿಸೋ!"

"ನಿನ್ನ ಮುಖ ನೀನೇ ನೋಡ್ಕೋ ಅಂತ ಇಟ್ಟಿದೀನಿ!"

"ಒಂದಿನ ಒಡೆದು ಪುಡಿ ಮಾಡ್ತೀನಿ!"

"ಮುಟ್ಟಿ ನೋಡು, ನಿನ್ನ ಹತ್ತಿಗೆ ಕಡ್ಡಿ ಗೀರ್ತೀನಿ!"

ಅತ್ತೆ ಅಧ್ಯಕ್ಷೆಗೆ ಹೇಳಿದಳು. ಎರಡು ಅಂಗಡಿಗಳ ನಡುವೆ ಬೀದಿಗೆ ಅಡ್ಡಲಾಗಿ ಒಂದು ನೆರಳಿನ ಬಟ್ಟೆ ಕಟ್ಟಿಸಿದರೆ ಬಿಸಿಲೂ ಇಲ್ಲ, ಜಗಳವೂ ಇಲ್ಲ. ಅಧ್ಯಕ್ಷೆ ಅದೇ ವಾರ ಸಭೆಯಲ್ಲಿಟ್ಟರು. ಬಟ್ಟೆ ಹಸಿರಿರಬೇಕೋ ನೀಲಿಯಿರಬೇಕೋ ಎಂಬಲ್ಲಿ ಸದಸ್ಯರು ಎರಡು ಬಣವಾದರು. ಸಭೆ ಮುಂದಕ್ಕೆ ಹೋಯಿತು.

ನೆರಳು ಮುಂದಕ್ಕೆ ಹೋದರೂ ಜಗಳ ಕಾಯಲಿಲ್ಲ. ಒಂದು ಮಧ್ಯಾಹ್ನ ಹಾಸಿಗೆಯವನ ಹೆಂಡತಿ ಅಂಗಿಗಳ ಗಂಟು ತಂದು ಮೇಜಿನ ಮೇಲಿಟ್ಟಳು. ಇಟ್ಟರೂ ಗಂಟಿನಿಂದ ಕೈ ತೆಗೆಯಲಿಲ್ಲ.

"ಅತ್ತೆ, ಯಾರಿಗೂ ಹೇಳಬೇಡಿ."

"ಹೇಳಲ್ಲ ಕಣೇ. ಈಗ ಸಂಬಳ ತಗೋತೀನಿ, ಹೇಳದೇ ಇರೋದಕ್ಕೆ."

"ನಮ್ಮನೆಯವ್ರು ಪಿಸ್ತೂಲು ತಂದಿದಾರೆ. ಕ್ಷೌರದಂಗಡಿಯವನು ಬಂದು ಹೇಳಿದ್ನಂತೆ. ಗಾಜಿನವನು ಫೋನಲ್ಲಿ ಯಾರಿಗೋ ಹೇಳ್ತಿದ್ದ, 'ಗನ್ ಬಂತು, ಇವತ್ತು ಎದುರುಗಡೇದು ಮುಗಿಸಿಬಿಡ್ತೀನಿ' ಅಂತ. ಇವರು ಅವತ್ತೇ ಪಕ್ಕದೂರಿಗೆ ಹೋಗಿ ತಂದ್ರು. ಎಲ್ಲಿಟ್ಟಿದಾರೆ ಅಂತ ನಂಗೂ ಹೇಳ್ತಿಲ್ಲ. ಅವನು ರಸ್ತೆ ದಾಟಿದ್ರೆ ಬಿಡಲ್ಲ ಅಂತಾರೆ."

ಅತ್ತೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಬಟ್ಟೆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನೇರವಾಗಿ ಗಾಜಿನಂಗಡಿಗೆ ನಡೆದಳು.

ಗಾಜಿನವನು ಮೀನಿನ ತೊಟ್ಟಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅತ್ತೆ ಸುತ್ತಿಬಳಸಲಿಲ್ಲ.

"ನಿನ್ನ ಹತ್ರ ಗನ್ ಇದೆಯಂತಲ್ಲಪ್ಪಾ?"

"ಇದೆ ಅತ್ತೆ. ಹೊಸದು."

ಅತ್ತೆ ಬುಟ್ಟಿ ಕೆಳಗಿಟ್ಟಳು. "ಹಾಗೆ ಬಾಯಿಬಿಟ್ಟು ಹೇಳ್ತೀಯಲ್ಲೋ! ಯಾಕೆ ತಂದೆ?"

"ಹಳೇದು ಸರಿಯಾಗಿ ಒತ್ತುತಾ ಇರಲಿಲ್ಲ. ಇದು ನೋಡಿ, ಒಂದು ಸಲ ಅದುಮಿದ್ರೆ ಸಾಕು, ಸೊಗಸಾಗಿ ಬರುತ್ತೆ." ಅವನು ಕಾಲಬುಡದಿಂದ ಅದನ್ನು ಎತ್ತಿ ತೋರಿಸಿದ. ಉದ್ದನೆಯ ಕಬ್ಬಿಣದ ತೊಟ್ಟಿಲು, ಅದರೊಳಗೆ ಬಿಳಿಯ ಕೊಳವೆ, ಮುಂದೆ ಚೂಪು ಮೂತಿ, ಹಿಂದೆ ಅದುಮುವ ಹಿಡಿ. ಗಾಜಿನ ಸಂದಿಗೆ ಅಂಟು ತುಂಬುವ ಸಲಕರಣೆ.

ಅತ್ತೆ ಅದನ್ನೇ ನೋಡಿದಳು. "ಇದು ಗನ್ನಾ?"

"ನಮ್ಮ ಕಡೆ ಎಲ್ಲರೂ ಗನ್ ಅಂತಾನೇ ಅನ್ನೋದು. ಬೇರೆ ಏನಂತಾರೆ ಇದಕ್ಕೆ?"

"ಹಾಗಾದ್ರೆ 'ಎದುರುಗಡೇದು ಮುಗಿಸಿಬಿಡ್ತೀನಿ' ಅಂದಿದ್ದು?"

"ಎದುರುಗಡೆ ಕಿಟಕಿ ಅತ್ತೆ! ಡಾಕ್ಟರ ಮನೇದು. ಹಿಂದುಗಡೇದು ಆಗಿತ್ತು, ಎದುರುಗಡೇದು ಉಳಿದಿತ್ತು. ಯಾರು ಹೇಳಿದ್ರು ನಿಮಗೆ?"

ಅತ್ತೆಗೆ ನಗು ಉಕ್ಕಿ ಬಂತು, ಅದರ ಬೆನ್ನಿಗೇ ಬೆವರೂ ಬಂತು. ಕಡ್ಡಿಯನ್ನು ಗುಡ್ಡ ಮಾಡುವುದೆಂದರೆ ಇದೇ. ಆದರೆ ಆ ಗುಡ್ಡದ ಮೇಲೆ ಈಗ ನಿಜವಾದ ಪಿಸ್ತೂಲು ಹಿಡಿದವನೊಬ್ಬ ಕೂತಿದ್ದಾನೆ. ಅವಳ ಕಣ್ಣು ಬೀದಿಯಾಚೆಗೆ ಹೋದದ್ದು ಕಂಡು ಗಾಜಿನವನೇ ಅರ್ಧ ಕಥೆ ಊಹಿಸಿಕೊಂಡು ಧಡಕ್ಕನೆ ಎದ್ದ.

"ಓಹೋ, ಆ ಹತ್ತಿಮೂಟೆ ಹಾಗೆ ತಿಳ್ಕೊಂಡಿದಾನಾ? ಈಗಲೇ ಹೋಗಿ ಅವನ ಮೂತಿಗೇ ಹಿಡಿದು ತೋರಿಸ್ತೀನಿ!"

"ಕೂತ್ಕೋ!" ಅತ್ತೆ ಕಿರುಚಿದ ದನಿಗೆ ಮೀನಿನ ತೊಟ್ಟಿಯೂ ಝಣ್ ಎಂದಿತು. "ಇದನ್ನ ಕೈಯಲ್ಲಿ ಹಿಡ್ಕೊಂಡು ರಸ್ತೆಗೆ ಕಾಲಿಟ್ಟೆಯೋ, ನಿನ್ನ ಕಾಲು ಮುರೀತೀನಿ. ಇಲ್ಲಿ ಕೊಡು ಅದನ್ನ."

ಅಂಟಿನ ಗನ್ನನ್ನು ಬುಟ್ಟಿಯಲ್ಲಿ ಮಡಚಿದ ಹೊದಿಕೆಯ ಕೆಳಗಿಟ್ಟುಕೊಂಡು ಅತ್ತೆ ಬೀದಿ ದಾಟಿದಳು. ಹಾಸಿಗೆಯವನು ಅಂಗಡಿಯ ಒಳಗೆ, ಬಾಗಿಲಿಗೆ ಮುಖ ಮಾಡಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ನಿದ್ದೆಗೆಟ್ಟ ಕಣ್ಣು. ಊರಿಗೆಲ್ಲ ನಿದ್ದೆ ಮಾರುವವನು ತಾನೇ ನಿದ್ದೆ ಕಂಡು ಎಷ್ಟು ದಿನವಾಗಿತ್ತೋ. ಅವನ ಹೆಂಡತಿ ಮೂಲೆಯಲ್ಲಿ ದಿಂಬಿಗೆ ಹೊಲಿಗೆ ಹಾಕುತ್ತ, ಅತ್ತೆಯನ್ನು ಕಂಡು ತಲೆ ತಗ್ಗಿಸಿದಳು. ಅತ್ತೆ ಅವಳ ಕಡೆ ನೋಡಲೇ ಇಲ್ಲ.

"ನೀನು ಕ್ಷೌರದಂಗಡಿಯಲ್ಲಿ ಏನು ಕೇಳಿದೀಯೋ ನಂಗೆ ಗೊತ್ತಿಲ್ಲ," ಎಂದು ಶುರುಮಾಡಿದಳು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಅನ್ನುವುದು ಅವಳ ಜೀವಮಾನದಲ್ಲಿ ಅದೇ ಮೊದಲು. "ಎದುರುಗಡೆಯವನ ಹತ್ರ ಗನ್ ಇದೆ ಅನ್ನೋದು ನಿಜ. ನಾನೇ ಕಣ್ಣಾರೆ ಕಂಡೆ."

ಹಾಸಿಗೆಯವನ ದಪ್ಪ ಮುಖ ಸುಣ್ಣದ ಹಾಗಾಯಿತು. "ನಾನು ಹೇಳಲಿಲ್ವಾ?" ಎಂದ ಹೆಂಡತಿಯ ಕಡೆ ತಿರುಗಿ.

"ಅದನ್ನ ಕಿತ್ಕೊಂಡು ಬಂದಿದೀನಿ," ಎಂದು ಅತ್ತೆ ಹೊದಿಕೆ ಸರಿಸಿ, ಅದನ್ನು ಎತ್ತಿ, ಮೇಜಿನ ಮೇಲಿದ್ದ ಬಟ್ಟೆಯ ಚೂರಿನ ಮೇಲೆ ಹಿಡಿ ಅದುಮಿದಳು. ಪಿಚಕ್ಕೆಂದು ಬಿಳಿಯ ಅಂಟು ಹುಳದ ಹಾಗೆ ಸುರುಳಿ ಸುತ್ತಿಕೊಂಡು ಕೂತಿತು.

 ಮೊದಲು ನಕ್ಕವಳು ಹೆಂಡತಿ. ಬಾಯಿಗೆ ದಿಂಬು ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ನಗುತ್ತ ನಗುತ್ತಲೇ ಅತ್ತಳು. ಹಾಸಿಗೆಯವನು ಇಂಗು ತಿಂದ ಮಂಗನ ಹಾಗೆ ಅಂಟನ್ನೇ ನೋಡುತ್ತಿದ್ದ. ಆಮೇಲೆ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಂಟಿಕೊಂಡಿತು.

"ಎಂಥ ಕೆಲಸ ಮಾಡಿಬಿಡ್ತಿದ್ದೆ ಅತ್ತೆ," ಅಂದ ಮೆಲ್ಲಗೆ. "ನಿನ್ನೆ ಸಂಜೆ ಅವನು ಈ ಕಡೆ ಬರೋಕೆ ಅಂತ ರಸ್ತೆಗಿಳಿದ. ಒಂದು ಬಸ್ಸು ಅಡ್ಡ ಬಂತು. ಬಸ್ಸು ಹೋಗೋ ಹೊತ್ತಿಗೆ ಅವನು ವಾಪಸ್ ಹೋಗಿದ್ದ. ಬಸ್ಸು ಬರದೇ ಇದ್ದಿದ್ರೆ..."

"ಬಂತಲ್ಲ. ಈಗ ನಿಂದು ಎಲ್ಲಿದೆ, ತಗೊಂಡ್ ಬಾ. ನೀನೇ ಪುರಸಭೆಗೆ ತಂದು ಕೊಡು. ನಾನು ಜೊತೆಗೆ ಬರ್ತೀನಿ."

ಅವನು ಎದ್ದು ಒಳಕೋಣೆಗೆ ಹೋದ. ವಸ್ತುಗಳನ್ನು ಸರಿಸುವ ಸದ್ದು ಕೇಳಿತು. ಮತ್ತೆ ಸರಿಸುವ ಸದ್ದು. ಅವನು ಬರಿಗೈಯಲ್ಲೇ ಹೊರಗೆ ಬಂದ.

"ಒಳಗೆ ಗೋಡೆಗೆ ಒರಗಿಸಿದ್ದ ಸಣ್ಣ ಹಾಸಿಗೆಗಳೆಲ್ಲಿ?"

"ಅವಾ? ಬೆಳಗ್ಗೇನೇ ಕಳಿಸಿಬಿಟ್ಟೆ," ಅಂದಳು ಹೆಂಡತಿ. "ನೀವು ಸ್ನಾನಕ್ಕೆ ಹೋಗಿದ್ದಾಗ ಪುರಸಭೆ ಗಾಡಿ ಬಂದಿತ್ತು. ಯಾಕೆ?"

"ನಿನ್ನೆ ರಾತ್ರಿ ಅದರಲ್ಲಿ ಒಂದರೊಳಗಿಟ್ಟು ಹೊಲಿದಿದ್ದೆ ಕಣೇ! ನಿನ್ನ ಕೈಗೆ ಸಿಗಬಾರದು ಅಂತ... ಗುಂಡು ತುಂಬೇ ಇದೆ..."

"ಎಲ್ಲಿಗೆ ಹೋಯ್ತು ಆ ಗಾಡಿ?" ಎಂದಳು ಅತ್ತೆ. ಕೇಳುವ ಮೊದಲೇ ಅವಳಿಗೆ ಉತ್ತರ ಗೊತ್ತಿತ್ತು. ಬೆಳಗ್ಗೆ ತಿಂಡಿ ತಿನ್ನುವಾಗ ಸೊಸೆ ಖುಷಿಯಿಂದ ಹೇಳಿದ್ದಳು: ಇವತ್ತು ನಮ್ಮ ಮಕ್ಕಳಿಗೆ ಹೊಸ ಹಾಸಿಗೆ ಬರುತ್ತೆ.

ಸೊಸೆಗೆ ಫೋನು ಮಾಡಿದರೆ ಸ್ವಿಚ್ ಆಫ್. ಮಕ್ಕಳು ಮಲಗುವ ಹೊತ್ತಿನಲ್ಲಿ ಅವಳು ಫೋನು ಆರಿಸಿಡುತ್ತಾಳೆ. ಅತ್ತೆ ಅಧ್ಯಕ್ಷೆಗೆ ಮಾಡಿದಳು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಇಷ್ಟು ದೊಡ್ಡ ಸುದ್ದಿಯನ್ನು ಅವಳು ಇಷ್ಟು ಚಿಕ್ಕದಾಗಿ ಹೇಳಿದ್ದು ಅದೇ ಮೊದಲು. "ನಾನು ಹೊರಟೆ. ಇನ್‌ಸ್ಪೆಕ್ಟರಿಗೂ ಹೇಳ್ತೀನಿ," ಎಂದು ಆ ಕಡೆಯಿಂದ ಫೋನು ಇಟ್ಟರು.

ಹಾಸಿಗೆಯವನ ಹತ್ತಿರ ಇದ್ದದ್ದು ತಳ್ಳುಗಾಡಿ. ಬೀದಿಯಲ್ಲಿ ತಯಾರಾಗಿ ನಿಂತಿದ್ದ ವ್ಯಾನು ಒಂದೇ, ಗಾಜಿನವನದು. ಹಾಸಿಗೆಯವನು ಒಂದು ಕ್ಷಣ ಬಾಗಿಲಲ್ಲಿ ನಿಂತ. ಆಮೇಲೆ ಬರಿಗೈಯಲ್ಲಿ, ಚಪ್ಪಲಿಯೂ ಇಲ್ಲದೆ, ರಸ್ತೆ ದಾಟಿ ಓಡಿದ.

"ವ್ಯಾನ್ ತೆಗೆಯೋ! ಶಿಶುವಿಹಾರಕ್ಕೆ! ಆಮೇಲೆ ಬೇಕಾದ್ರೆ ನನ್ನ ಹೊಡಿ!"

ಗಾಜಿನವನು ಏನನ್ನೂ ಕೇಳಲಿಲ್ಲ. ಆ ಮುಖ ಕಂಡವರು ಯಾರೂ ಕೇಳುತ್ತಿರಲಿಲ್ಲ. ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು, ನಡುವೆ ಅತ್ತೆ, ಮಡಿಲಲ್ಲಿ ಬುಟ್ಟಿ. ದಾರಿಯಲ್ಲಿ ಹಾಸಿಗೆಯವನು ತೊದಲುತ್ತ ಎಲ್ಲ ಹೇಳಿದ.

"ನನ್ನ ಕೊಲ್ಲೋಕೆ ತಂದಿದ್ಯಾ?" ಎಂದ ಗಾಜಿನವನು, ಕಣ್ಣು ರಸ್ತೆಯ ಮೇಲೇ.

"ನೀನು ನನ್ನ ಕೊಲ್ತೀಯ ಅಂತ ತಂದಿದ್ದೆ."

"ನಾನು ಸೊಳ್ಳೆ ಹೊಡೆಯೋಕೂ ಹೆದರ್ತೀನಲ್ಲೋ. ಗಾಜು ಹಿಡಿದು ಹಿಡಿದು ಕೈ ಬೀಸೋದೇ ಮರೆತುಹೋಗಿದೆ."

"ಹತ್ತಿಗೆ ಕಡ್ಡಿ ಗೀರ್ತೀನಿ ಅಂದಿದ್ದೆ!"

"ಬಾಯಲ್ಲಿ ಅಂದಿದ್ದೆ!"

"ಇಬ್ರೂ ಬಾಯಿ ಮುಚ್ಚಿ. ಗಾಡಿ ಜೋರಾಗಿ ಓಡಿಸು," ಅಂದಳು ಅತ್ತೆ. "ಹಿಂದುಗಡೆ ಗಾಜು ಒಡೀತಿದೆ ಅತ್ತೆ," ಅಂದ ಹಾಸಿಗೆಯವನು. "ಒಡೀಲಿ," ಅಂದದ್ದು ಅತ್ತೆಯಲ್ಲ, ಗಾಜಿನವನೇ.

ಶಿಶುವಿಹಾರದ ಗೇಟಿನಲ್ಲಿ ಅಧ್ಯಕ್ಷೆ ಆಗಲೇ ಸ್ಕೂಟರ್ ನಿಲ್ಲಿಸಿ ನಿಂತಿದ್ದರು. ಸೀಟಿ ಬಾಯಲ್ಲಿತ್ತು. ಆದರೆ ಊದಿರಲಿಲ್ಲ. ಪಕ್ಕದಲ್ಲಿ ಸೊಸೆ, ಕಣ್ಣು ಕೆಂಪಗೆ, ತುಟಿ ಕಚ್ಚಿಕೊಂಡು.

"ಎಲ್ಲ ಮಲಗಿದಾರೆ," ಅಂದರು ಅಧ್ಯಕ್ಷೆ ಪಿಸುಗುಟ್ಟಿ. "ಸೀಟಿ ಊದಿದ್ರೆ ಎದ್ದು ಹಾಸಿಗೆ ಮೇಲೇ ಕುಣಿಯೋಕೆ ಶುರು ಮಾಡ್ತಾರೆ. ಬೆಳಗ್ಗೆಯೆಲ್ಲ ಅದನ್ನೇ ಮಾಡಿದಾರಂತೆ. ಈಗಷ್ಟೇ ಬಾಗಿಲ ಹತ್ತಿರದ ಒಂದು ಮಗು ಎತ್ತಿ ಈಚೆಗೆ ತಂದ್ವಿ. ಇನ್ನೂ ಇದಾರೆ. ಒಬ್ಬೊಬ್ಬರನ್ನೇ ಎತ್ತಬೇಕು."

ಒಳಗೆ ಪರದೆ ಎಳೆದ ಕೋಣೆ. ನೆಲದ ತುಂಬ ಸಣ್ಣ ಸಣ್ಣ ಹಾಸಿಗೆಗಳು, ಅವುಗಳ ಮೇಲೆ ಕೈಕಾಲು ಚೆಲ್ಲಿಕೊಂಡ ಮಕ್ಕಳು. ಒಂದು ಬೆರಳು ಚೀಪುತ್ತಿತ್ತು, ಇನ್ನೊಂದು ನಿದ್ದೆಯಲ್ಲೇ ನಗುತ್ತಿತ್ತು. ಅಲ್ಲಿ ಯಾವ ಹಾಸಿಗೆಯನ್ನೂ ಒದೆಯುವ ಹಾಗಿಲ್ಲ, ಅಲುಗಿಸುವ ಹಾಗಿಲ್ಲ.

ಅವತ್ತು ಗಾಜಿನವನ ಕೈ ನೋಡಬೇಕಿತ್ತು. ಬದುಕಿಡೀ ತೆಳುಗಾಜು ಎತ್ತಿದ ಕೈ; ಮಗುವಿನ ಕತ್ತಿನ ಕೆಳಗೊಂದು, ಮಂಡಿಯ ಕೆಳಗೊಂದು ಕೈ ತೂರಿಸಿ, ಉಸಿರೂ ಬಿಡದೆ ಎತ್ತಿದರೆ ಮಗುವಿಗೆ ತಾನು ಹಾಸಿಗೆ ಬಿಟ್ಟದ್ದೇ ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ಅತ್ತೆ ತೆಗೆದುಕೊಳ್ಳುವಳು, ಅತ್ತೆಯಿಂದ ಸೊಸೆ, ಸೊಸೆಯಿಂದ ಅಧ್ಯಕ್ಷೆ. ಅಂಗಳದ ಆಚೆಯ ಅಡುಗೆಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಕೋಣೆ ಖಾಲಿಯಾದಂತೆ ಹಾಸಿಗೆಯವನು ಮೊಣಕಾಲೂರಿ ಒಂದೊಂದೇ ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ತಡವುತ್ತ ಬಂದ. ತಾನು ಹಾಕಿದ ಹೊಲಿಗೆಗಳೇ ಅವನಿಗೆ ಅಪರಿಚಿತವಾಗಿದ್ದವು.

ಕಡೆಗೆ ಕಿಟಕಿಯ ಕೆಳಗೆ ಒಂದು ದಪ್ಪ ಮಗು ಉಳಿಯಿತು. ಹಾಸಿಗೆಯ ಮೇಲೆ ಅರ್ಧ, ನೆಲದ ಮೇಲೆ ಅರ್ಧ ಮಲಗಿತ್ತು. ಅದನ್ನು ಕಂಡು ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಅವಳು ಹೇಳಿದ್ಲು ಅತ್ತೆ. 'ಮಿಸ್, ಹಾಸಿಗೇಲಿ ಕಲ್ಲಿದೆ' ಅಂದ್ಲು. ನಾನೇ ಸುಮ್ನೆ ಮಲ್ಕೋ ಅಂತ ಗದರಿದೆ."

ಗಾಜಿನವನು ಆ ಮಗುವನ್ನು ಎತ್ತಿದ. ಅದು ಕಣ್ಣು ಬಿಟ್ಟು ಅವನ ಉದ್ದ ಮೂಗನ್ನು ನೋಡಿತು, ಒಪ್ಪಿಗೆಯಾಗಿರಬೇಕು, ಮತ್ತೆ ಮುಚ್ಚಿತು. ಹಾಸಿಗೆಯವನ ಬೆರಳು ಹೊಲಿಗೆಯ ಮೇಲೆ ನಿಂತಿತು. "ಇದೇ," ಅಂದ. ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ, ಆಗ ತಾನೇ ಬಂದ ಇನ್‌ಸ್ಪೆಕ್ಟರ್ ಎದುರಿಗೆ, ತಾನೇ ಹೊಲಿಗೆ ಬಿಚ್ಚಿದ. ಹತ್ತಿಯ ನಡುವಿನಿಂದ ಪಿಸ್ತೂಲು ತೆಗೆದು, ಗುಂಡುಗಳನ್ನು ಈಚೆಗೆ ಹಾಕಿ, ಇನ್‌ಸ್ಪೆಕ್ಟರ್ ಅಂಗಳಕ್ಕೆ ಬಂದರು. ಹಾಸಿಗೆಯವನು ಹರಿದ ಹಾಸಿಗೆಯ ಪಕ್ಕದಲ್ಲೇ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವನ ತಲೆಗೂದಲ ತುಂಬ ಹತ್ತಿ. ಗಾಜಿನವನು ಪಕ್ಕದಲ್ಲಿ ಕೂತು ಅದನ್ನು ಒಂದೊಂದಾಗಿ ಹೆಕ್ಕತೊಡಗಿದ.

"ಇದನ್ನ ಅವನಾಗೇ ಒಪ್ಪಿಸಿದ್ದು ಅಂತ ಬರ್ಕೊಳ್ಳಲಾ?" ಎಂದು ಇನ್‌ಸ್ಪೆಕ್ಟರ್ ಅಧ್ಯಕ್ಷೆಯನ್ನು ಕೇಳಿದರು.

"ನೀವೇ ನೋಡಿದ್ರಲ್ಲ, ಅವನ ಕೈಯಾರೆ ಹೊಲಿಗೆ ಬಿಚ್ಚಿಕೊಟ್ಟ."

"ಸರಿ. ಆದ್ರೆ ಯಾರು ಮಾರಿದ್ರು ಅಂತ ಅವನು ಹೇಳಬೇಕು. ಅದನ್ನ ಬಿಡಲ್ಲ." ಹಾಸಿಗೆಯವನು ಹೇಳಿದ. ಪಕ್ಕದೂರಿನ ಆ ಮಾರಾಟಗಾರ ಆ ವಾರವೇ ಸಿಕ್ಕಿಬಿದ್ದ.

ಮನೆಗೆ ಬಂದ ಮೇಲೆ ಸೊಸೆ ಅತ್ತೆಯ ಎದುರು ನಿಂತಳು. "ನಿಮಗೆ ಮೊದಲೇ ಗೊತ್ತಿತ್ತಾ ಅತ್ತೆ, ಅವನ ಹತ್ರ ಪಿಸ್ತೂಲಿದೆ ಅಂತ?"

"ಗೊತ್ತಿತ್ತಮ್ಮ. ಎಲ್ಲಿದೆ ಅಂತ ಗೊತ್ತಿರಲಿಲ್ಲ."

"ಅಷ್ಟು ವರ್ಷ ಬೇಡದ್ದೆಲ್ಲ ಹೇಳಿದ್ರಿ. ಬೇಕಾಗಿದ್ದ ಒಂದು ದಿನ ಬಾಯಿ ಬಿಡಲಿಲ್ಲ!" ಅನ್ನುತ್ತಲೇ ಅತ್ತೆಯ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು. ಅತ್ತೆ ಅದೇ ಮಾತನ್ನು ಮಾರನೆಯ ದಿನ ಅಧ್ಯಕ್ಷೆಯನ್ನೇ ಹೋಗಿ ಕೇಳಿದಳು. ಅಧ್ಯಕ್ಷೆ ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ನನ್ನ ಷರತ್ತಿನಲ್ಲೂ ಇದೆ ಅತ್ತೆ. ಇನ್ಮೇಲೆ ಜಗಳದ ಸುದ್ದಿ ನಿಮ್ಮ ಹೊಟ್ಟೇಲಿರಲಿ. ಗನ್ನಿನ ಸುದ್ದಿ ಆದ್ರೆ ಮೊದಲು ನಂಗೆ, ಆಮೇಲೆ ನಿಮ್ಮ ಸಾಹಸ."

ನೆರಳಿನ ಬಟ್ಟೆ ಅದೇ ವಾರ ಬಂತು. ಹಸಿರು ನೀಲಿ ಬಣಗಳವರು ತಮ್ಮ ತಮ್ಮ ಮಕ್ಕಳೂ ಆ ಶಿಶುವಿಹಾರದಲ್ಲೇ ಇದ್ದಾರೆಂದು ನೆನಪಾಗಿ, ಬಣ್ಣ ಯಾವುದಾದರೂ ಇರಲಿ ಅಂದರು. ಬಟ್ಟೆಯಂಗಡಿಯಲ್ಲಿ ಉಳಿದಿದ್ದ ಹಳದಿ ಬಟ್ಟೆ ಬೀದಿಯ ಮೇಲೆ ಹರಡಿತು. ಪುರಸಭೆಯ ಕೋಣೆಗೂ ಜನ ಬರತೊಡಗಿದರು. ಅದಕ್ಕೆ ಕಾರಣ ಹಾಸಿಗೆಯವನೇ. ಹಾಸಿಗೆ ಕೊಳ್ಳಲು ಬಂದವರಿಗೆಲ್ಲ, ನಾಚಿಕೆ ಬಿಟ್ಟು, ತನ್ನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದ. ಕೇಳಿದವರು ಮನೆಗೆ ಹೋಗಿ ಅಟ್ಟ, ಪೆಟ್ಟಿಗೆ, ಬೀರುವಿನ ಮೇಲ್ಭಾಗ ಎಲ್ಲ ತಡಕಾಡುತ್ತಿದ್ದರು. ತಾತನ ಕಾಲದ ತುಕ್ಕು ಹಿಡಿದ ಕೋವಿ ಬಂತು. ಅದರ ನಳಿಗೆಯೊಳಗೆ ಕಣಜ ಗೂಡು ಕಟ್ಟಿತ್ತು, ಇನ್‌ಸ್ಪೆಕ್ಟರ್ ಕಚ್ಚಿಸಿಕೊಂಡರು. ಒಬ್ಬಾಕೆ ಮಗನ ಆಟಿಕೆ ಪಿಸ್ತೂಲು ತಂದು ಇದನ್ನೂ ಇಟ್ಟುಕೊಳ್ಳಿ, ಇದರ ಸದ್ದಿಗೆ ತಲೆ ಸಿಡಿಯುತ್ತದೆ ಅಂದಳು. ನಿಜವಾದವೂ ಬಂದವು; ತಂದವರು ಕಣ್ಣು ತಪ್ಪಿಸಿ, ಇಟ್ಟು, ಹಗುರಾಗಿ ಹೋದರು.

ಸೈಕಲ್ ಅಂಗಡಿಯವನೂ ಒಂದು ದಿನ ಬಂದ. ಅವನ ಹತ್ತಿರ ಕೊಡುವುದಕ್ಕೇನೂ ಇರಲಿಲ್ಲ. ಬಾಗಿಲಲ್ಲಿ ನಿಂತು ಮೇಜಿನ ಮೇಲಿದ್ದವನ್ನು ನೋಡಿದ. ಅಲ್ಲಿಗೆ ಬಂದಿದ್ದ ಅತ್ತೆ ಕುರ್ಚಿ ಸರಿಸಿದಳು. ಅವನು ಕೂರಲಿಲ್ಲ. "ಇಷ್ಟು ಸಣ್ಣದಿರುತ್ತಾ ಇದು," ಅಂದ, ಅಷ್ಟೇ. ಅತ್ತೆ ಅವನ ಜೊತೆ ಅಂಗಡಿಯವರೆಗೂ ನಡೆದುಕೊಂಡು ಹೋದಳು. ದಾರಿಯಲ್ಲಿ ಅವನು ತಮ್ಮನ ಬಗ್ಗೆ ಮಾತಾಡಿದ, ಆ ಸಾವಿನ ನಂತರ ಮೊದಲ ಸಲ. ಏನು ಮಾತಾಡಿದ ಎಂಬುದು ಅತ್ತೆಗೆ ಮಾತ್ರ ಗೊತ್ತು.

ಈಗ ಮಧ್ಯಾಹ್ನದ ಹೊತ್ತು ಆ ಬೀದಿಗೆ ಹೋದರೆ ಹಳದಿ ನೆರಳಿನಡಿ ದೊಡ್ಡ ಗಲಾಟೆ ಕೇಳಿಸುತ್ತದೆ. ಹಾಸಿಗೆಯವನೂ ಗಾಜಿನವನೂ ಒಂದೇ ಬೆಂಚಿನ ಮೇಲೆ ಕೂತು, ಕೈ ಕೈ ಆಡಿಸುತ್ತ, ಊರು ಕಿತ್ತುಹೋಗುವಂತೆ ಕೂಗಾಡುತ್ತಾರೆ. ಸಕ್ಕರೆ ಮೊದಲು ಹಾಕಬೇಕೋ ಹಾಲು ಮೊದಲೋ ಎಂಬುದು ಮೊನ್ನೆಯ ಜಗಳ. ಹೊಸದಾಗಿ ಬಂದ ಬಸ್ ಕಂಡಕ್ಟರ್ ಗಾಬರಿಯಾಗಿ ಇಸ್ತ್ರಿ ಅಂಗಡಿಗೆ ಓಡಿಬಂದ.

"ಅತ್ತೆ, ಅಲ್ಲಿ ಹೊಡೆದಾಟ ಆಗೋ ಹಾಗಿದೆ! ನೀವು ಜಗಳ ಬಿಡಿಸೋರಂತಲ್ಲ, ಬೇಗ ಬನ್ನಿ!"

ಅತ್ತೆ ಕಿವಿಗೊಟ್ಟು ಕೇಳಿದಳು. ಗಾಜಿನವನು ಹಾಸಿಗೆಯವನನ್ನು ಹತ್ತಿಮೂಟೆ ಅಂದ. ಹಾಸಿಗೆಯವನು ಅವನನ್ನು ಕಿಟಕಿ ಸರಳು ಅಂದ. ಅತ್ತೆ ಅಂಗಿಯ ತೋಳು ತಿರುವಿ ಹಾಕಿ, ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆ ಇಟ್ಟಳು.

"ಅದು ಬರೀ ಬಾಯಿ ಕಣಪ್ಪಾ," ಅಂದಳು. "ಆರೋಗ್ಯಕ್ಕೆ ಒಳ್ಳೇದು. ಆಡಿಕೊಳ್ಳಲಿ ಬಿಡು."